ವಿಯೆಟ್ನಾಂ ಮೇಲೆ, ನಾವು ಕೆಳಗೆ: ಫ್ಯಾಕ್ಟರಿಗಳ ಉತ್ಪಾದಕತೆ ಹೋಲಿಸುವುದು ಹೇಗೆ?

ಕಾಲರ್‌ಕಫ್

ನಮಸ್ಕಾರ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಯೂನಿಟ್‌ನಲ್ಲಿ ಮರ್ಚಂಡೈಸರ್, ಅಂದರೆ ಬಯರ್‌ಗಳ ಆರ್ಡರ್ ನೋಡಿಕೊಳ್ಳುವ ಕೆಲಸ. ಮೊನ್ನೆ ಒಬ್ಬ ಬಯರ್ ಎಕ್ಸೆಲ್ ಶೀಟ್ ಕಳಿಸಿದ್ದಾರೆ. ಅವರಿಗೆ ಶರ್ಟ್ ಹೊಲಿದುಕೊಡುವ ಬೇರೆ ಬೇರೆ ದೇಶದ ಫ್ಯಾಕ್ಟರಿಗಳು ಅದರಲ್ಲಿವೆ. ವಿಯೆಟ್ನಾಂ ಮೇಲೆ, ಬಾಂಗ್ಲಾದೇಶ ನಡುವೆ, ನಾವು ಕೆಳಗೆ, ನಮಗಿಂತ ಕೆಳಗೆ ಇಥಿಯೋಪಿಯಾ. ಪ್ರತಿ ಹೆಸರಿನ ಮುಂದೆ ಎಫಿಷಿಯನ್ಸಿ ಅಂತ ಒಂದೇ ಒಂದು ಶೇಕಡಾ ಅಂಕಿ. ಅದನ್ನು ತೋರಿಸಿ ರೇಟ್ ಇಳಿಸಿ ಅನ್ನುತ್ತಿದ್ದಾರೆ.

ರೇಟಿನ ಜಗಳ ನಾನು ನೋಡಿಕೊಳ್ಳುತ್ತೇನೆ. ನನಗೆ ಬೇಕಾಗಿರುವುದು ಬೇರೆ. ಬೇರೆ ಬೇರೆ ದೇಶದ ಫ್ಯಾಕ್ಟರಿಗಳನ್ನು ಹೀಗೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆಯಲು ಆಗುತ್ತದಾ? ಅರ್ಥಶಾಸ್ತ್ರ ಓದಿದವರು, ಯೂನಿಟ್ ನಡೆಸುವವರು, ಲೈನಿನಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ನೇರನುಡಿ ನಾಗ

ಅಳೆಯೋದೇನಿದೆ ಗುರು. ನಮ್ಮವರಿಗೆ ಕೆಲಸಕ್ಕಿಂತ ಟೀ ಬ್ರೇಕ್ ಜಾಸ್ತಿ. ಅಷ್ಟೇ.

ಐಇ ಅಕ್ಕ

ನಾಗ ಅವರೇ, ಗಾರ್ಮೆಂಟ್ ಲೈನಿನಲ್ಲಿ ಬಾತ್‌ರೂಮಿಗೆ ಹೋಗಬೇಕಾದರೂ ಸೂಪರ್‌ವೈಸರ್ ಮುಖ ನೋಡಬೇಕು. ಟೀ ಬ್ರೇಕ್ ಕಥೆ ಬೇರೆ ಕಡೆ ಹೇಳಿ.

ಕಾಲರ್‌ಕಫ್, ನಾನು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಇದ್ದವಳು. ಆ ಅಂಕಿ ಹೇಗೆ ಹುಟ್ಟುತ್ತದೆ ಅಂತ ನೋಡಿ. ಒಂದು ಶರ್ಟ್ ಹೊಲಿಯಲು ಇಷ್ಟು ನಿಮಿಷ ಬೇಕು ಅಂತ ಮೊದಲೇ ಗೊತ್ತುಮಾಡಿರುತ್ತೇವೆ. ಅದೇ ಸ್ಯಾಮ್. 24 ನಿಮಿಷ ಅಂದುಕೊಳ್ಳಿ. ಲೈನಿನಲ್ಲಿ 40 ಆಪರೇಟರ್, ದಿನಕ್ಕೆ 480 ನಿಮಿಷ. ಒಟ್ಟು 19,200 ನಿಮಿಷ. ಅದಕ್ಕೆ 800 ಶರ್ಟ್ ಬರಬೇಕು. ಸಂಜೆ ಎಣಿಸಿದಾಗ 480 ಇದ್ದರೆ ಎಫಿಷಿಯನ್ಸಿ 60.

ಈಗ ಪಕ್ಕದ ಫ್ಯಾಕ್ಟರಿ ಅದೇ ಶರ್ಟಿಗೆ ಸ್ಯಾಮ್ 27 ಅಂತ ಹಾಕಿಕೊಂಡಿದೆ ಅನ್ನಿ. ದಣಿವು, ದಾರ ಬದಲಿಸುವುದು, ಬಂಡಲ್ ಬಿಚ್ಚುವುದು, ಇದಕ್ಕೆಲ್ಲ ಕೊಡುವ ಅಲೋಯನ್ಸ್‌ನಲ್ಲಿ ಅವರು ಸ್ವಲ್ಪ ಧಾರಾಳ. ಅಲ್ಲೂ 40 ಜನ, ಅಲ್ಲೂ 480 ಶರ್ಟ್. ಆದರೆ ಅವರ ಎಫಿಷಿಯನ್ಸಿ 67.5! ಮೂರನೆಯ ಫ್ಯಾಕ್ಟರಿಯ ಸ್ಯಾಮ್ 24ನೇ. ಆದರೆ ಕಟಿಂಗ್ ವಿಭಾಗದಿಂದ ಕತ್ತರಿಸಿದ ಬಟ್ಟೆ ಬರದೆ ಲೈನ್ ಸುಮ್ನೆ ಕೂತಿದ್ದ ಒಂದು ಗಂಟೆಯನ್ನು ಲೆಕ್ಕದಿಂದ ಎತ್ತಿಬಿಟ್ಟಿದೆ. ಅವರದ್ದು 68 ದಾಟುತ್ತದೆ. ಮೂರೂ ಕಡೆ ಪ್ಯಾಕಿಂಗ್‌ಗೆ ಹೋದದ್ದು ಅಷ್ಟೇ ಶರ್ಟ್.

ಇದಕ್ಕಿಂತ ದೊಡ್ಡ ವಿಷಯ ಆರ್ಡರ್ ಸೈಜ್. ಒಂದೇ ಸ್ಟೈಲ್ ತಿಂಗಳುಗಟ್ಟಲೆ ಓಡಿದರೆ ಯಾರ ಕೈಯಾದರೂ ಪಳಗುತ್ತದೆ. ಸಣ್ಣ ಫ್ಯಾಷನ್ ಆರ್ಡರ್ ಅಂದರೆ ಕೈ ಕೂರುವಷ್ಟರಲ್ಲಿ ಸ್ಟೈಲ್ ಬದಲು. ಮೆಷಿನ್ ಜಾಗ ಬದಲಿಸಬೇಕು, ಕಾಲರ್ ಹೊಲಿಯುವವಳನ್ನು ಕಫ್‌ಗೆ ಕೂರಿಸಬೇಕು, ಮೊದಲ ದಿನ ಬಿಚ್ಚಿ ಸರಿಮಾಡಬೇಕಾದ ಆಲ್ಟರ್ ಪೀಸ್‌ಗಳ ರಾಶಿ. ನಿಮ್ಮ ಬಯರ್ ಶೀಟಿನಲ್ಲಿ ಆರ್ಡರ್ ಸೈಜ್ ಕಾಲಂ ಇದೆಯಾ?

ಕಾಲರ್‌ಕಫ್

ಇಲ್ಲ ಮೇಡಂ. ಸ್ಯಾಮ್ ಯಾರು ಹಾಕಿದ್ದು ಅಂತಲೂ ಇಲ್ಲ.

ಲೆಕ್ಕದ ಮೇಷ್ಟ್ರು

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ನಾನು. ಅಕ್ಕ ಹೇಳಿದ ತಲೆನೋವೇ ನಮ್ಮಲ್ಲೂ ಇದೆ, ಸ್ವಲ್ಪ ದೊಡ್ಡ ಗಾತ್ರದಲ್ಲಿ.

ಇಂಥ ಹೋಲಿಕೆ ಹೊಸದಲ್ಲ. 1910ರ ಸುಮಾರಿನ ಹತ್ತಿಗಿರಣಿಗಳ ಲೆಕ್ಕವನ್ನು ಗ್ರೆಗರಿ ಕ್ಲಾರ್ಕ್ ಎಂಬ ಆರ್ಥಿಕ ಇತಿಹಾಸಕಾರ 1987ರಲ್ಲಿ ಜೋಡಿಸಿದರು. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಒಬ್ಬ ಕೆಲಸಗಾರ ಮಾಡುತ್ತಿದ್ದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಒಂದೂವರೆ ಜನ ಬೇಕಿತ್ತು. ಜರ್ಮನಿಯಲ್ಲಿ 2.3. ಭಾರತ, ಚೀನಾ, ಜಪಾನ್, ಗ್ರೀಸ್‌ನಲ್ಲಿ ಹೆಚ್ಚುಕಮ್ಮಿ 6. ಜಪಾನ್ ಯಾರ ಜೊತೆ ನಿಂತಿದೆ ನೋಡಿ. 1930ರ ದಶಕದಲ್ಲಿ ಅದೇ ಜಪಾನ್ ಹತ್ತಿಬಟ್ಟೆ ರಫ್ತಿನಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿತು.

ಆದರೆ ದೇಶ ದೇಶದ ಸರಾಸರಿಗಿಂತ ನನಗೆ ಮುಖ್ಯ ಅನ್ನಿಸುವುದು ದೇಶದ ಒಳಗಿನ ಅಂತರ. ಒಂದೇ ಉದ್ಯಮದ 100 ಫ್ಯಾಕ್ಟರಿಗಳನ್ನು ಉತ್ಪಾದಕತೆಯ ಪ್ರಕಾರ ಸಾಲಾಗಿ ನಿಲ್ಲಿಸಿ. ಮೇಲಿಂದ 10ನೆಯದನ್ನೂ ಕೆಳಗಿಂದ 10ನೆಯದನ್ನೂ ಹೋಲಿಸಿ. ಎರಡರಲ್ಲೂ ಅಷ್ಟೇ ಜನ, ಅಷ್ಟೇ ಬಂಡವಾಳ, ಅಷ್ಟೇ ಸಾಮಗ್ರಿ ಇದ್ದರೂ ಅಮೆರಿಕದಲ್ಲಿ ಮೊದಲನೆಯದು ಸುಮಾರು ಎರಡು ಪಟ್ಟು ಮಾಲು ತೆಗೆಯುತ್ತದೆ. ಭಾರತ ಮತ್ತು ಚೀನಾದಲ್ಲಿ ಐದು ಪಟ್ಟಿನಷ್ಟು. ಅಂದರೆ ನಮ್ಮಲ್ಲಿ ಜಗತ್ತಿನ ಯಾವ ಫ್ಯಾಕ್ಟರಿಗೂ ಸಾಟಿಯಾಗುವವೂ ಇವೆ, ಬಾಗಿಲು ಮುಚ್ಚಬೇಕಿದ್ದವೂ ಓಡುತ್ತಿವೆ. ಇದೆಲ್ಲ ಸೇರಿಸಿ 'ಭಾರತ' ಅಂತ ಒಂದು ಅಂಕಿ ಬರೆದರೆ ಅದು ಯಾವ ಫ್ಯಾಕ್ಟರಿಯದ್ದೂ ಅಲ್ಲ.

2009ರಲ್ಲಿ ಚಾಂಗ್-ತೈ ಶೇ ಮತ್ತು ಪೀಟರ್ ಕ್ಲೆನೊ ಇದನ್ನೇ ಲೆಕ್ಕ ಹಾಕಿದರು. ಇರುವ ಜನ, ಇರುವ ಬಂಡವಾಳವನ್ನೇ ಅಮೆರಿಕದಲ್ಲಿ ಹಂಚಿಹೋಗಿರುವಷ್ಟು ಚೆನ್ನಾಗಿ ಹಂಚಿದರೆ ತಯಾರಿಕಾ ವಲಯದ ಉತ್ಪಾದಕತೆ ಚೀನಾದಲ್ಲಿ ಶೇ. 30ರಿಂದ 50, ಭಾರತದಲ್ಲಿ ಶೇ. 40ರಿಂದ 60ರಷ್ಟು ಏರುತ್ತದೆ ಅಂತ. ಹೊಸ ಯಂತ್ರ ಬೇಡ, ಹೊಸ ಜನ ಬೇಡ. ಚೆನ್ನಾಗಿ ನಡೆಸುವವನ ಕೈಗೆ ಸಾಲ, ಜಾಗ, ಜನ ಸಿಗಬೇಕು ಅಷ್ಟೇ.

ನೇರನುಡಿ ನಾಗ

ಮೇಷ್ಟ್ರೇ, ಆ ಕ್ಲಾರ್ಕ್ ಕೊನೆಗೆ ಹೇಳಿದ್ದೇನು? ಯಂತ್ರ ಕಾರಣ ಅಲ್ಲ, ಮ್ಯಾನೇಜ್‌ಮೆಂಟ್ ಕಾರಣ ಅಲ್ಲ, ವ್ಯತ್ಯಾಸ ಕೆಲಸಗಾರರಲ್ಲೇ ಇದೆ ಅಂತ ತಾನೇ? ಅದನ್ನು ಯಾಕೆ ನುಂಗಿಕೊಂಡಿರಿ?

ಲೆಕ್ಕದ ಮೇಷ್ಟ್ರು

ಓದಿಕೊಂಡೇ ಬಂದಿದ್ದೀರಿ, ಸಂತೋಷ. ಹೌದು, ಅವರ ತೀರ್ಮಾನ ಅದೇ. ಅದನ್ನು ಒಪ್ಪದವರೂ ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ.

ಹಳೆಯ ಕಡತ ನೋಡಿ ಇದನ್ನು ಬಗೆಹರಿಸುವುದು ಕಷ್ಟ. ಹಾಗಾಗಿ ನಿಕ್ ಬ್ಲೂಮ್ ಮತ್ತು ಸಂಗಡಿಗರು ಪ್ರಯೋಗವನ್ನೇ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಮುಂಬೈ ಸುತ್ತಮುತ್ತ ಬಟ್ಟೆ ನೇಯುವ 17 ಕಂಪನಿಗಳು, ಅವುಗಳ 28 ಘಟಕಗಳು. ಚೀಟಿ ಎತ್ತಿದ ಹಾಗೆ ಆರಿಸಿ ಕೆಲವಕ್ಕೆ ಮಾತ್ರ ಕನ್ಸಲ್ಟೆಂಟ್‌ಗಳನ್ನು ಪುಕ್ಕಟೆಯಾಗಿ ತಿಂಗಳುಗಟ್ಟಲೆ ಕೂರಿಸಿದರು. ಮೊದಲು ಅಲ್ಲಿದ್ದ ಸ್ಥಿತಿ ಕೇಳಿ. ಗೋದಾಮಿನಲ್ಲಿ ನೂಲು ಯಾವುದು ಎಷ್ಟಿದೆ ಅಂತ ಲೆಕ್ಕ ಇಲ್ಲ. ತೇವಕ್ಕೆ ಬಿದ್ದು ಹಾಳಾಗುತ್ತಿದೆ. ಸಲಕರಣೆಗಳು ನೆಲದ ಮೇಲೆ ಚೆಲ್ಲಾಪಿಲ್ಲಿ. ಬಟ್ಟೆಯಲ್ಲಿ ದೋಷ ಬಂದರೆ ಕೊನೆಯಲ್ಲಿ ಜನ ಕೂತು ರಿಪೇರಿ ಮಾಡುತ್ತಾರೆ, ಯಾವ ಮಗ್ಗದಿಂದ ಬಂತು ಅಂತ ಯಾರೂ ಬರೆದಿಡುವುದಿಲ್ಲ. ಕನ್ಸಲ್ಟೆಂಟ್‌ಗಳು ಹೇಳಿದ್ದು ಇಂಥವೇ 38 ರೂಢಿಗಳನ್ನು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು.

ಕೆಲಸಗಾರರು ಅವರೇ ನಾಗ. ಮಗ್ಗಗಳೂ ಅವೇ.

ನನಗೆ ಅದರಲ್ಲಿ ಬಹಳ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಸಂಗತಿ. ಒಂದು ಕಂಪನಿ ಎಷ್ಟು ದೊಡ್ಡದಾಗುತ್ತದೆ ಅನ್ನುವುದಕ್ಕೆ ಮಾಲೀಕನ ಮನೆಯಲ್ಲಿ ಎಷ್ಟು ಗಂಡುಮಕ್ಕಳು, ಅಣ್ಣತಮ್ಮಂದಿರು ಇದ್ದಾರೆ ಅನ್ನುವುದು ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವುದಕ್ಕಿಂತ ಮುಖ್ಯವಾಗಿತ್ತು. ಹೊರಗಿನ ಮ್ಯಾನೇಜರ್ ಕೈಗೆ ಬೀಗದಕೈ ಕೊಡಲು ಮಾಲೀಕರಿಗೆ ಭಯ. ಕದ್ದರೆ ಕೋರ್ಟಿಗೆ ಹೋಗಿ ಗೆಲ್ಲುವುದು ಯಾವ ಕಾಲಕ್ಕೋ. ಹಾಗಾಗಿ ಎರಡನೇ ಘಟಕ ತೆರೆಯಬೇಕಾದರೆ ಎರಡನೇ ಮಗ ದೊಡ್ಡವನಾಗಬೇಕು!

ಪೀಣ್ಯ ಲೇತ್

ಮೇಷ್ಟ್ರು ಕೊನೆಗೆ ಹೇಳಿದ್ದು ನಮ್ಮ ಮನೆ ಕಥೆ. ನಮ್ಮದು ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್.

ನಾನು ಹೇಳಬೇಕೆಂದದ್ದು ಅಂಕಿಗಳ ಬಗ್ಗೆ. ಸಂಶೋಧಕರು ಭಾರತದ ಲೆಕ್ಕಕ್ಕೆ ಬಳಸುವುದು ಹೆಚ್ಚಾಗಿ ಎಎಸ್‌ಐ, ಅಂದರೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಅಲ್ವಾ? ಅದರಲ್ಲಿ ನಿಮ್ಮ ಯಂತ್ರಗಳ ಬೆಲೆ ಎಷ್ಟು ಅಂತ ಒಂದು ಭಾಗ ಇದೆ. ಅದನ್ನು ತುಂಬುವವರು ನಮ್ಮ ಆಡಿಟರ್ ಆಫೀಸಿನ ಹುಡುಗ. ಅವನು ಬ್ಯಾಲೆನ್ಸ್ ಶೀಟ್ ನೋಡಿ ಬರೆಯುತ್ತಾನೆ. ನಮ್ಮಲ್ಲಿ ಒಂದು ಹಳೆ ಎಚ್‌ಎಂಟಿ ಲೇತ್ ಇದೆ, ಅಪ್ಪನ ಕಾಲದ್ದು. ವರ್ಷ ವರ್ಷ ಸವಕಳಿ ಕಳೆದು ಪುಸ್ತಕದಲ್ಲಿ ಅದರ ಬೆಲೆ ಈಗ ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ದಿನಾ ಓಡುತ್ತದೆ, ಅರ್ಧ ಕೆಲಸ ಅದರ ಮೇಲೇ ಆಗುವುದು. ಪಕ್ಕದವನು ಬ್ಯಾಂಕ್ ಸಾಲದಲ್ಲಿ ಕಂಪ್ಯೂಟರ್ ನಡೆಸುವ ಹೊಸ ಸಿಎನ್‌ಸಿ ಮೆಷಿನ್ ತಂದಿದ್ದಾನೆ. ಪುಸ್ತಕದಲ್ಲಿ ಪೂರ್ತಿ ಬೆಲೆ ಇದೆ, ಆರ್ಡರ್ ಇಲ್ಲದೆ ನಿಂತಿದೆ. ಕಾಗದದ ಮೇಲೆ ನೋಡಿದರೆ ಬಂಡವಾಳ ಬಳಸುವುದರಲ್ಲಿ ನಾನು ಮಹಾ ಚಾಣಾಕ್ಷ, ಅವನು ದಡ್ಡ. ಮೂರು ವರ್ಷ ಬಿಟ್ಟು ನೋಡಿದರೆ ಕಥೆ ತಿರುಗಿರಬಹುದು.

ಇನ್ನು ಎಎಸ್‌ಐ ಹಿಡಿಯುವುದು ಫ್ಯಾಕ್ಟರಿ ಅಂತ ನೋಂದಣಿ ಆದವನ್ನು. ವಿದ್ಯುತ್ ಬಳಸಿದರೆ 10 ಜನ, ಇಲ್ಲದಿದ್ದರೆ 20 ಜನ, ಅದು 1948ರ ಕಾಯ್ದೆ ಹಾಕಿದ್ದ ಗೆರೆ. ಅದರ ಕೆಳಗೆ ಇರುವ ಶೆಡ್‌ಗಳು ಪೀಣ್ಯದಲ್ಲೇ ಎಷ್ಟಿವೆ ಅಂತ ಬಂದು ನೋಡಿ. ಅವು ಬೇರೆ ಸಮೀಕ್ಷೆಗೆ ಹೋಗುತ್ತವೆ.

ಲೆಕ್ಕದ ಮೇಷ್ಟ್ರು

ನಿಮ್ಮ ಲೇತ್ ಉದಾಹರಣೆಯನ್ನು ಕ್ಲಾಸಿನಲ್ಲಿ ಬಳಸುತ್ತೇನೆ, ಅನುಮತಿ ಇರಲಿ.

ಇದಕ್ಕೆ ಸೇರಿಸಬೇಕಾದ ಒಂದು ಮಾತು. ಅಮೆರಿಕದ ಸೆನ್ಸಸ್ ಬ್ಯೂರೋ ತನ್ನ ಅಂಕಿಗಳನ್ನು ಹೊರಗೆ ಕೊಡುವ ಮೊದಲು ತೊಳೆದು ಒಗೆದು ಕೊಡುತ್ತದೆ. ಬಿಟ್ಟುಹೋದ ಜಾಗ ತುಂಬುತ್ತದೆ, ಅಸಂಬದ್ಧ ಅಂಕಿ ತಿದ್ದುತ್ತದೆ. ನಮ್ಮದು ಅಷ್ಟು ತಿದ್ದದೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮ್ಮ ಫ್ಯಾಕ್ಟರಿಗಳ ನಡುವಿನ ಅಂತರ ದೊಡ್ಡದಾಗಿ ಕಾಣುವುದು ಸಹಜ. ಮಾರ್ಟಿನ್ ರೋಟೆಂಬರ್ಗ್ ಮತ್ತು ಕರ್ಕ್ ವೈಟ್ ಎರಡೂ ದೇಶದ ಅಂಕಿಗೆ ಒಂದೇ ರೀತಿಯ ಶುಚಿ ಮಾಡಿ ನೋಡಿದಾಗ, ಜನ, ಬಂಡವಾಳ ಹಂಚುವುದರಲ್ಲಿ ಅಮೆರಿಕ ತುಂಬಾ ಮುಂದೆ ಇದೆ ಅನ್ನುವ ಮಾತಿಗೆ ಬಲವೇ ಉಳಿಯಲಿಲ್ಲ. ನಾನು ಮೇಲೆ ಬರೆದ 40ರಿಂದ 60ನ್ನು ಇದನ್ನು ನೆನಪಿಟ್ಟುಕೊಂಡೇ ಓದಿ.

ಕೊಂಡಿ ಸೆರಗು

ನಾನು ಇಳಕಲ್ ಕಡೆಯವಳು, ಈಗ ಪುಣೆಯಲ್ಲಿದ್ದೇನೆ. ಒಂದು ಸಣ್ಣ ಡೌಟ್ ರೀ. ನಮ್ಮ ಕೈಮಗ್ಗದ ಸೀರೆ ಒಂದು ಮುಗಿಯುವ ಹೊತ್ತಿಗೆ ಪವರ್‌ಲೂಮಿನವನು ಎಷ್ಟೋ ಸೀರೆ ತೆಗೆದಿರುತ್ತಾನೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಅದಕ್ಕೇ ಎಷ್ಟೊಂದು ಹೊತ್ತು. ಹಾಗಾದರೆ ನಮ್ಮಪ್ಪ ಉತ್ಪಾದಕತೆ ಇಲ್ಲದವನಾ?

ಲೆಕ್ಕದ ಮೇಷ್ಟ್ರು

ನಿಮ್ಮ ಪ್ರಶ್ನೆಗೆ ಈಜಿಪ್ಟಿನಲ್ಲಿ ಉತ್ತರ ಹುಡುಕಿದ್ದಾರೆ ಮೇಡಂ. ನೈಲ್ ಮುಖಜಭೂಮಿಯಲ್ಲಿ ಫೂವಾ ಅಂತ ಊರು, ಕೈಮಗ್ಗದ ಜಮಖಾನೆಗಳಿಗೆ ಹೆಸರುವಾಸಿ. ಆಟ್ಕಿನ್, ಖಂಡೇಲ್‌ವಾಲ್, ಉಸ್ಮಾನ್ ಅನ್ನುವ ಮೂವರು ಅಲ್ಲಿನ ಸಣ್ಣ ಸಣ್ಣ ಮಗ್ಗದ ಮನೆಗಳಲ್ಲಿ ಕೆಲವಕ್ಕೆ ಮಾತ್ರ, ಮತ್ತೆ ಚೀಟಿ ಎತ್ತಿ, ಶ್ರೀಮಂತ ದೇಶಗಳ ರಫ್ತು ಆರ್ಡರ್ ಸಿಗುವ ಹಾಗೆ ಮಾಡಿದರು. ಆರ್ಡರ್ ಸಿಕ್ಕವರ ಲಾಭ ಶೇ. 16ರಿಂದ 26 ಏರಿತು. ಆದರೆ ಗಂಟೆಗೆ ಎಷ್ಟು ನೇಯ್ದರು ಅಂತ ಅಳೆದರೆ ಇಳಿದಿತ್ತು! ಯಾಕೆಂದರೆ ರಫ್ತಿನ ಜಮಖಾನೆ ಕಷ್ಟದ್ದು. ಎಳೆ ದಟ್ಟ, ಮೂಲೆ ನೇರ ಇರಬೇಕು, ನೆಲಕ್ಕೆ ಸಪಾಟಾಗಿ ಕೂರಬೇಕು.

ಬರೀ ಎಣಿಕೆ ನೋಡಿದ್ದರೆ ರಫ್ತಿನಿಂದ ಇವರು ಹಾಳಾದರು ಅಂತ ಬರೆಯಬೇಕಿತ್ತು. ಅವರು ಮಾಡಿದ ಉಪಾಯ ಕೇಳಿ. ಎಲ್ಲರನ್ನೂ ಒಂದು ಕಡೆ ಕರೆಸಿ, ಒಂದೇ ಮಗ್ಗ, ಒಂದೇ ನೂಲು ಕೊಟ್ಟು, ಒಂದೇ ಜಮಖಾನೆ ನೇಯಿಸಿದರು. ರಫ್ತು ಆರ್ಡರ್ ಮಾಡಿ ಪಳಗಿದವರು ಹೆಚ್ಚು ಹೊತ್ತು ತೆಗೆದುಕೊಳ್ಳದೆಯೇ ಉಳಿದವರಿಗಿಂತ ಒಳ್ಳೆಯ ಜಮಖಾನೆ ನೇಯ್ದರು.

ದೇಶಗಳನ್ನು ಹೋಲಿಸುವಾಗ ಇಂಥ ಸೌಕರ್ಯ ಇಲ್ಲ. ಆದ್ದರಿಂದ ಹೆಚ್ಚಿನವರು ಮಾಲಿನ ಎಣಿಕೆ ಬಿಟ್ಟು ಮಾರಾಟದ ಹಣ ನೋಡುತ್ತಾರೆ. ಹಣ ನೋಡಿದರೆ ಗುಣಮಟ್ಟ ಸ್ವಲ್ಪ ಹಿಡಿಗೆ ಸಿಗುತ್ತದೆ, ಆದರೆ ಬೇರೆ ಕಸವೂ ಒಳಗೆ ಬರುತ್ತದೆ. ಬಾಂಗ್ಲಾದೇಶದ ಅಂಗಿ ಅತಿ ಹಿಂದುಳಿದ ದೇಶದ್ದು ಅಂತ 2001ರಿಂದ ಯುರೋಪಿಗೆ ಸುಂಕ ಇಲ್ಲದೆ ಹೋಗುತ್ತದೆ. ನಮ್ಮ ಅಂಗಿಗೆ ಅಷ್ಟು ವರ್ಷ ಸುಂಕ ಬಿತ್ತು. ಒಂದೇ ಹೊಲಿಗೆ, ಫ್ಯಾಕ್ಟರಿ ಕೈಗೆ ಸಿಗುವ ಹಣ ಬೇರೆ. ಅದನ್ನು ದರ್ಜಿಯ ಕೈಚಳಕ ಅಂತ ಓದಿದರೆ ಹೇಗೆ?

ಹವಾಸಾ ರಿಟರ್ನ್

ಇಥಿಯೋಪಿಯಾ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹವಾಸಾ ಇಂಡಸ್ಟ್ರಿಯಲ್ ಪಾರ್ಕ್ 2016ರಲ್ಲಿ ಶುರುವಾಯಿತು. ನಾನು ಅಲ್ಲಿನ ಒಂದು ಯೂನಿಟ್‌ನಲ್ಲಿ ಪ್ರೊಡಕ್ಷನ್ ನೋಡಿಕೊಂಡಿದ್ದೆ. ಶೆಡ್ ನೋಡಿದರೆ ಬೆಂಗಳೂರಿಗಿಂತ ಎಷ್ಟೋ ಮೇಲು. ಹೊಸ ಮೆಷಿನ್, ಒಳ್ಳೆ ಗಾಳಿ ಬೆಳಕು. ಸಂಬಳ ಜಗತ್ತಿನಲ್ಲೇ ಕಡಿಮೆ, ತಿಂಗಳಿಗೆ ಮೂಲ ವೇತನ 26 ಡಾಲರ್ ಅಂತ 2019ರಲ್ಲಿ ವರದಿಯಾಗಿತ್ತು. ಎಲ್ಲರೂ ಇನ್ನೇನು ಬಾಂಗ್ಲಾವನ್ನು ಇಥಿಯೋಪಿಯಾ ಹಿಂದೆ ಹಾಕುತ್ತದೆ ಅಂದರು.

ಹುಡುಗಿಯರು ಸಿಡಾಮಾ ಹಳ್ಳಿಗಳಿಂದ ಬರುತ್ತಿದ್ದರು. 26 ಡಾಲರಿನಲ್ಲಿ ಪೇಟೆಯ ಬಾಡಿಗೆ ಕಟ್ಟಿ ಊಟ ಮಾಡಲು ಆಗುವುದಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ. ಹೊಲಿಗೆ ಕಲಿಸಿ, ಕೈ ಕೂರಿತು ಅನ್ನುವಾಗ ಹುಡುಗಿ ಊರಿಗೆ. ಮತ್ತೆ ಹೊಸಬಳು, ಮತ್ತೆ ಮೊದಲಿನಿಂದ. ಸೂಪರ್‌ವೈಸರ್ ನಮ್ಮಂಥ ಭಾರತದವರು, ಶ್ರೀಲಂಕಾದವರು. ನಾವು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬ ಅಮ್ಹಾರಿಕ್‌ನಲ್ಲಿ, ಇನ್ನೊಬ್ಬ ಸಿಡಾಮಾದಲ್ಲಿ ಹೇಳಬೇಕು. ಅಷ್ಟರಲ್ಲಿ ಬಂಡಲ್ ಹೋಗಿ ಮುಂದಿನ ಟೇಬಲ್ ಸೇರಿರುತ್ತಿತ್ತು. ಆ ಶೀಟಿನಲ್ಲಿ ಇಥಿಯೋಪಿಯಾ ಕೆಳಗೆ ಇರುವುದು ಹುಡುಗಿಯರ ತಪ್ಪಲ್ಲ. ಅಷ್ಟು ಕಡಿಮೆ ಸಂಬಳಕ್ಕೆ ಯಾರೂ ನಿಲ್ಲುವುದಿಲ್ಲ, ನಿಲ್ಲದವರ ಕೈ ಪಳಗುವುದಿಲ್ಲ. ಆಮೇಲೆ ಯುದ್ಧ ಬಂತು, 2022ರ ಜನವರಿಯಲ್ಲಿ ಅಮೆರಿಕ ಸುಂಕ ವಿನಾಯಿತಿ ನಿಲ್ಲಿಸಿತು. ಎಷ್ಟೋ ಜನ ಗಂಟುಮೂಟೆ ಕಟ್ಟಿದರು.

ನೇರನುಡಿ ನಾಗ

ಬಾಂಗ್ಲಾದಲ್ಲೂ ಸಂಬಳ ಕಡಿಮೆಯೇ ಅಲ್ವಾ? ಅಲ್ಲಿ ಹೇಗೆ ಆಯಿತು?

ಹವಾಸಾ ರಿಟರ್ನ್

ಅಲ್ಲೂ ಜನ ಬಿಟ್ಟುಹೋದರು, ಆದರೆ ಬೇರೆ ಥರ. ದೇಶ್ ಗಾರ್ಮೆಂಟ್ಸ್ ಅನ್ನುವ ಕಂಪನಿ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು 1979ರಲ್ಲಿ ಸುಮಾರು 130 ಜನರನ್ನು ಕೊರಿಯಾಕ್ಕೆ ತರಬೇತಿಗೆ ಕಳಿಸಿತು. ಬಂದವರಲ್ಲಿ ಹೆಚ್ಚಿನವರು ಕೆಲವು ವರ್ಷಗಳಲ್ಲಿ ಕೆಲಸ ಬಿಟ್ಟರು. ಬಿಟ್ಟು ತಮ್ಮದೇ ಫ್ಯಾಕ್ಟರಿ ಹಾಕಿದರು, ಇಲ್ಲವೇ ಬೇರೆಯವರ ಫ್ಯಾಕ್ಟರಿ ನಿಲ್ಲಿಸಿಕೊಟ್ಟರು. ದೇಶ್‌ಗೆ ಅದು ನಷ್ಟ, ಬಾಂಗ್ಲಾದೇಶಕ್ಕೆ ಲಾಭ. ಹವಾಸಾದಲ್ಲಿ ಕಲಿತವಳು ವಾಪಸ್ ಹಳ್ಳಿಗೆ ಹೋದಳು. ಇಲ್ಲಿ ಕಲಿತವನು ಪಕ್ಕದ ಬೀದಿಗೆ ಹೋದ.

ಐಇ ಅಕ್ಕ

ಕೆಲಸಗಾರರ ವಿಷಯಕ್ಕೆ ಸಿಯಾಲ್‌ಕೋಟ್ ಕಥೆ ಹೇಳಲೇಬೇಕು. ಪಾಕಿಸ್ತಾನದ ಈ ಊರು ಫುಟ್‌ಬಾಲ್ ಹೊಲಿಯುವುದರಲ್ಲಿ ಪ್ರಸಿದ್ಧ. ಚೆಂಡಿಗೆ ಷಟ್ಕೋನ, ಪಂಚಕೋನದ ತುಂಡು ಬೇಕು. ಷಟ್ಕೋನ ರೆಕ್ಸಿನ್ ಹಾಳೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂರುತ್ತದೆ. ಪಂಚಕೋನ ಕೂರುವುದಿಲ್ಲ, ನಡುವೆ ಚೂರು ಹಾಳಾಗುತ್ತದೆ. ಸಂಶೋಧಕರು ತುಂಡು ಕತ್ತರಿಸುವ ಹೊಸ ಡೈ, ಅಂದರೆ ಅಚ್ಚು, ಮಾಡಿಸಿ ಕೆಲವು ಫ್ಯಾಕ್ಟರಿಗಳಿಗೆ ಬಿಟ್ಟಿ ಕೊಟ್ಟರು. ಅದೇ ಹಾಳೆಯಲ್ಲಿ ಜಾಸ್ತಿ ತುಂಡು ಬರುತ್ತದೆ. ಒಂದು ವರ್ಷ ಕಳೆದರೂ ಬಳಸಿದವರು ಬೆರಳೆಣಿಕೆಯಷ್ಟು!

ಯಾಕೆ? ಕಟಿಂಗ್ ಮಾಡುವವನಿಗೆ ಪೀಸ್ ರೇಟ್, ಕತ್ತರಿಸಿದ ತುಂಡಿಗೆ ತಕ್ಕಷ್ಟೇ ಕೂಲಿ. ಹೊಸ ಡೈ ಮೊದಮೊದಲು ಕೈ ನಿಧಾನ ಮಾಡುತ್ತದೆ, ಅವನ ಕೂಲಿ ಕಡಿಮೆಯಾಗುತ್ತದೆ. ಉಳಿದ ರೆಕ್ಸಿನ್ ಲಾಭ ಮಾಲೀಕನಿಗೆ. ಅವನು ಯಾಕೆ ಬಳಸುತ್ತಾನೆ? ಡೈ ಚೆನ್ನಾಗಿಲ್ಲ ಸಾರ್ ಅಂದುಬಿಟ್ಟ. ಆಮೇಲೆ, ಹೊಸ ಡೈ ಬಳಸಿ ತೋರಿಸಿದರೆ ಸುಮಾರು ಒಂದು ತಿಂಗಳ ಕೂಲಿಯಷ್ಟು ಬೋನಸ್ ಅಂದಾಗ ಕೆಲವು ಕಡೆ ಬಳಕೆ ಶುರುವಾಯಿತು.

ಇನ್ನೊಂದು ನಮ್ಮೂರಿನದ್ದೇ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಅಧ್ವರ್ಯು, ಕಲಾ, ನ್ಯಾಷಾಧಮ್ ಮಾಡಿದ ಅಧ್ಯಯನ. ಕರೆಂಟ್ ಬಿಲ್ ಉಳಿಸಲು ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದರು. ಸೆಕೆಯ ದಿನಗಳಲ್ಲಿ ಲೈನ್ ಎಫಿಷಿಯನ್ಸಿ ಬೀಳುತ್ತಿತ್ತು, ಎಲ್‌ಇಡಿ ಬಂದ ಮೇಲೆ ಆ ಬೀಳುವಿಕೆ ಬಹುಪಾಲು ನಿಂತಿತು. ಹಳೆ ದೀಪದ ಶಾಖ ತಲೆಯ ಮೇಲೇ ಇತ್ತು, ಅಷ್ಟೇ. ಏಪ್ರಿಲ್‌ನಲ್ಲಿ ಐರನಿಂಗ್ ಪಕ್ಕದ ಲೈನಿನಲ್ಲಿ ಒಂದು ಶಿಫ್ಟ್ ಕೂತು ಆಮೇಲೆ ಸೋಮಾರಿ ಅನ್ನಿ ನಾಗ.

ನೇರನುಡಿ ನಾಗ

ಸರಿ, ಲೈನಿನವರನ್ನು ಬಿಟ್ಟೆ. ಮಾಲೀಕರನ್ನು ಬೈಯಬಹುದಾ?

ಪೀಣ್ಯ ಲೇತ್

ಬೈಯಿರಿ, ಅಭ್ಯಾಸ ಇದೆ. ಆದರೆ ಕರೆಂಟ್ ಹೋದರೆ ನಾನೇನು ಮಾಡಲಿ? ಮಳೆ ಕೈಕೊಟ್ಟ ವರ್ಷ ಶರಾವತಿ ಕಡೆ ನೋಡಿಕೊಂಡು ಕೂರಬೇಕು.

ಲೆಕ್ಕದ ಮೇಷ್ಟ್ರು

ಅದನ್ನೂ ಅಳೆದಿದ್ದಾರೆ. ಭಾರತದಲ್ಲಿ ವಿದ್ಯುತ್ ಕೊರತೆಯಿಂದ ಸರಾಸರಿ ಫ್ಯಾಕ್ಟರಿಯ ಆದಾಯ ಶೇ. 5ರಿಂದ 10ರಷ್ಟು ಹೋಗುತ್ತಿತ್ತು. ಜಲವಿದ್ಯುತ್ ಏರಿಳಿತ ಹಿಡಿದೇ ಆ ಲೆಕ್ಕ ಮಾಡಿದ್ದು. ಉತ್ಪಾದಕತೆಯ ನಷ್ಟ ಮಾತ್ರ ಅದಕ್ಕಿಂತ ಕಡಿಮೆ, ಯಾಕೆಂದರೆ ಕಚ್ಚಾ ಮಾಲು ಎಲ್ಲಿಗೂ ಹೋಗುವುದಿಲ್ಲ, ಕರೆಂಟ್ ಬಂದ ಮೇಲೆ ಬಳಸಬಹುದು. ಜನರೇಟರ್ ಇಡಲು ಆಗದ ಸಣ್ಣವರಿಗೆ ಹೊಡೆತ ಜಾಸ್ತಿ.

ಆ ಮುಂಬೈ ಮಗ್ಗಗಳಿಗೆ ಸಂಶೋಧಕರು ಸುಮಾರು ಒಂಬತ್ತು ವರ್ಷ ಬಿಟ್ಟು ಮತ್ತೆ ಹೋಗಿದ್ದರು. ಕಲಿಸಿದ ರೂಢಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಬಿಟ್ಟುಹೋಗಿದ್ದವು. ಆದರೂ ಕನ್ಸಲ್ಟೆಂಟ್ ಸಿಗದವರಿಗಿಂತ ಇವರು ಇನ್ನೂ ಮುಂದೆ ಇದ್ದರು. ಬಿಟ್ಟುಹೋಗಲು ಮುಖ್ಯ ಕಾರಣ ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಪುರುಸೊತ್ತು ಇಲ್ಲದ್ದು.

ಪೀಣ್ಯ ಲೇತ್

ನಮ್ಮಲ್ಲೂ ಅದೇ ಆಯಿತು. ಮೆಷಿನ್ ನಿಂತ ಹೊತ್ತು ಬರೆಯಲು ಒಂದು ರಿಜಿಸ್ಟರ್ ಇಟ್ಟಿದ್ದೆವು. ಸೂಪರ್‌ವೈಸರ್ ಬೇರೆ ಕಡೆ ಸೇರಿದ, ರಿಜಿಸ್ಟರ್ ಅಲ್ಲಿಗೇ ನಿಂತಿತು. ಅಕ್ಕ, ಏನು ಮಾಡಬಹುದು?

ಐಇ ಅಕ್ಕ

ರಿಜಿಸ್ಟರ್ ಬೇಡ. ಪ್ರತಿ ಮೆಷಿನ್ ಪಕ್ಕ ಒಂದು ಸಣ್ಣ ಬೋರ್ಡ್ ಹಾಕಿ. ನಾಲ್ಕೇ ಮನೆ: ಕರೆಂಟ್, ಟೂಲ್, ಮಾಲು ಇಲ್ಲ, ರಿಪೇರಿ. ನಿಂತಾಗ ಆಪರೇಟರ್ ಅಲ್ಲೇ ಗೀಟು ಹಾಕಲಿ, ಕಾಲು ಗಂಟೆಗೆ ಒಂದು ಗೀಟು. ಶಿಫ್ಟ್ ಮುಗಿದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದು ಅಳಿಸಿ. ಮೊದಲ ತಿಂಗಳು ಯಾರನ್ನೂ ಬೈಯಬೇಡಿ, ಬೈದರೆ ಗೀಟು ಬೀಳುವುದಿಲ್ಲ.

ಪೀಣ್ಯ ಲೇತ್

ಕರೆಂಟ್ ಹೋದದ್ದನ್ನೂ ಹಾಕಬೇಕಾ? ಅದು ಎಲ್ಲರಿಗೂ ಗೊತ್ತಾಗುತ್ತದಲ್ಲ.

ಐಇ ಅಕ್ಕ

ಹಾಕಿಸಿ. ಡೀಸೆಲ್ ಬಿಲ್ ಜೊತೆ ತಾಳೆ ನೋಡಬಹುದು.